ಕದಿರು: ಬಿಸಿಲಿನದೂ ರಾಟೆಯದೂ

ಮೋಡದ ಸಂದಿಯಿಂದ ಬೀಸಣಿಗೆಯಂತೆ ಹರಡುವ ಬಿಸಿಲಗೆರೆಗಳಿಗೆ 'ಕಿರಣ' ಎನ್ನುವುದೇ ರೂಢಿ. ಅದು ಸಂಸ್ಕೃತದ ಮಾತು. ಹಳಗನ್ನಡದ ಹೆಸರು 'ಕದಿರ್'. ಸೂರ್ಯ ಬಿಸುಗದಿರ, ಚಂದ್ರ ತಂಗದಿರ ಎನಿಸಿಕೊಂಡದ್ದು ಇದರಿಂದಲೇ.

9ನೆಯ ಶತಮಾನದ 'ಕವಿರಾಜಮಾರ್ಗ' ತಿರುಳ್ಗನ್ನಡಕ್ಕೆ ಹೆಸರಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆ, ಅಂದರೆ ಈಗಿನ ಲಕ್ಷ್ಮೇಶ್ವರ, ಒಂದು. 941ರ ಸುಮಾರಿಗೆ ಪಂಪ ತನ್ನ ಭಾರತಕ್ಕೆ ಆರಿಸಿಕೊಂಡದ್ದೂ ಪುಲಿಗೆರೆಯ ಕನ್ನಡವನ್ನೇ. ಅಂಥ ಸೀಮೆಯಲ್ಲೂ ಬಿಸಿಲಿನ ಕದಿರು ಆಡುಮಾತಿನಿಂದ ಜಾರಿ ಕಾವ್ಯಕ್ಕೆ, ನಿಘಂಟಿಗೆ ಸೇರಿತು.

ಉಳಿದದ್ದು ರಾಟೆಯ ಕದಿರು. ನೂಲು ಸುತ್ತಿಕೊಳ್ಳುವ ಮೊನಚು ಕಡ್ಡಿ. ದ್ರಾವಿಡ ಭಾಷೆಗಳ ವ್ಯುತ್ಪತ್ತಿ ನಿಘಂಟು ಇವೆರಡನ್ನೂ ಬೇರೆ ಪದಗಳಾಗಿಯೇ ಎಣಿಸಿದೆ. ಕಣ್ಣಿಗೆ ಮಾತ್ರ ಎರಡೂ ನೀಳ ಗೆರೆಗಳೇ! ಗಿರಣಿಯ ನೂಲು ಬಂದ ಮೇಲೆ ನೇಕಾರರ ಬೆಟಗೇರಿಯಲ್ಲೂ ಮಗ್ಗಕ್ಕೆ ಕೈನೂಲು ಬೇಕಾಗಲಿಲ್ಲ. ನೆರೆಯ ತಮಿಳಿನಲ್ಲಾದರೋ, ಬಿಸಿಲಿಗೂ ತೆನೆಗೂ 'ಕದಿರ್' ಇನ್ನೂ ದಿನಬಳಕೆಯ ಮಾತು.