ಎಲ್ಲೋ ಅಲರ್ಟ್

ಜುಲೈ ತಿಂಗಳ ಒಂದು ಬೆಳಿಗ್ಗೆ, ಒಂಬತ್ತನೇ ತರಗತಿಗೆ ಇಂಗ್ಲಿಷ್ ಪಾಠ. ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ನನ್ನ ದನಿ ಹಿಂದಿನ ಬೆಂಚಿಗೆ ಮುಟ್ಟುತ್ತಿರಲಿಲ್ಲ. ಕೂಗಿ ಕೂಗಿ ಸಾಕಾಗಿ, ಅಪಾಯಕ್ಕೆ ಸಂಬಂಧಪಟ್ಟ ಪದಗಳನ್ನು ಬೋರ್ಡಿನ ಮೇಲೆ ಬರೆಯುತ್ತ ಹೋದೆ. ಡೇಂಜರ್, ಫ್ಲಡ್, ಲ್ಯಾಂಡ್‌ಸ್ಲೈಡ್, ಎಮರ್ಜೆನ್ಸಿ. ಒಂದೊಂದಕ್ಕೂ ಯಾರಾದರೊಬ್ಬರು ತಡವರಿಸುತ್ತ ಅರ್ಥ ಹೇಳಿದರು. ಕೊನೆಗೆ ರೆಡ್ ಅಲರ್ಟ್ ಎಂದು ಬರೆದದ್ದೇ ತಡ, ಇಡೀ ತರಗತಿ ಒಟ್ಟಿಗೆ ಕೂಗಿತು: “ರಜೆ, ಮೇಡಂ!”

ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ತೀರ್ಥಹಳ್ಳಿ ಸೀಮೆಯ ಈ ಮಕ್ಕಳು ಆ ಪದವನ್ನು ಕಲಿತದ್ದೇ ಹಾಗೆ. ರಾತ್ರಿ ಟಿವಿಯಲ್ಲಿ ರೆಡ್ ಅಲರ್ಟ್ ಅಂತ ಬರುತ್ತದೆ, ಸ್ವಲ್ಪ ಹೊತ್ತಿಗೆ ಅಪ್ಪನ ವಾಟ್ಸಾಪಿಗೆ ಜಿಲ್ಲಾಧಿಕಾರಿಗಳ ಆದೇಶ ಬರುತ್ತದೆ, ಬೆಳಿಗ್ಗೆ ಶಾಲೆ ಇಲ್ಲ. ಮಕ್ಕಳು ಪದವನ್ನು ನಿಘಂಟಿನಿಂದ ಕಲಿಯುವುದಿಲ್ಲ, ಅದರ ಬೆನ್ನಿಗೆ ಏನು ನಡೆಯುತ್ತದೆ ಎನ್ನುವುದರಿಂದ ಕಲಿಯುತ್ತಾರೆ. ರೆಡ್ ಅಲರ್ಟಿನ ಬೆನ್ನಿಗೆ ಅವರು ಪ್ರತಿ ಸಲ ಕಂಡದ್ದು ರಜೆಯೊಂದನ್ನೇ.

ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ಇನ್ನೊಂದು ಮಾತು ಸೇರಿಸಿದರು. “ನಿನ್ನೆಯೂ ಟಿವಿಯವರು ಎಲ್ಲೋ ಅಲರ್ಟ್, ಎಲ್ಲೋ ಅಲರ್ಟ್ ಅಂತಿದ್ರು. ಎಲ್ಲೋ ಅಂತೆ ಕಣೆ, ನಮ್ಮ ಕಡೆ ಅಲ್ಲ.” ಹಳದಿ ಬಣ್ಣಕ್ಕಿರುವ ಇಂಗ್ಲಿಷ್ ಹೆಸರು ಎಪ್ಪತ್ತೆಂಟು ವರ್ಷದ ಕಿವಿಗೆ ಕನ್ನಡವಾಗಿಯೇ ಕೇಳಿಸಿತ್ತು. ಎಲ್ಲೋ ಒಂದು ಕಡೆ ಮಳೆ, ಎಲ್ಲೋ ಒಂದು ಕಡೆ ಅಪಾಯ. ನಮ್ಮ ಮನೆಯ ಹಿಂದೆ ಇಪ್ಪತ್ತು ಅಡಿ ಎತ್ತರದ ಧರೆ ಇದೆ. ಆ ರಾತ್ರಿ ಅತ್ತೆ ಅದರ ಬುಡದ ಕೋಣೆಯಲ್ಲೇ ಮಲಗಿದ್ದರು. ನೆನೆದರೆ ಈಗಲೂ ಹೊಟ್ಟೆಯಲ್ಲಿ ಹಿಂಡಿದಂತಾಗುತ್ತದೆ.

ಹವಾಮಾನ ಇಲಾಖೆಯ ಲೆಕ್ಕ ನೋಡಿದರೆ ಈ ಬಣ್ಣಗಳಿಗೆ ಖಚಿತವಾದ ಅರ್ಥವಿದೆ. ಹಸಿರೆಂದರೆ ಮುನ್ನೆಚ್ಚರಿಕೆ ಏನೂ ಇಲ್ಲ. ಹಳದಿಯೆಂದರೆ ಗಮನವಿಟ್ಟು ನೋಡುತ್ತಿರಿ. ಕಿತ್ತಳೆಯೆಂದರೆ ಸಿದ್ಧರಾಗಿ. ಕೆಂಪೆಂದರೆ ಈಗಲೇ ಕ್ರಮ ಕೈಗೊಳ್ಳಿ. ಇಲಾಖೆಯ ಪಟ್ಟಿಯಲ್ಲಿ ಅಲರ್ಟ್ ಎಂಬ ಪದ ಸೇರಿರುವುದು ಕಿತ್ತಳೆಗೆ ಮಾತ್ರ. ಹಳದಿಗೆ ವಾಚ್ ಅಂತಲೂ ಕೆಂಪಿಗೆ ವಾರ್ನಿಂಗ್ ಅಂತಲೂ ಇದೆ. ಪತ್ರಿಕೆ, ಟಿವಿಗಳು ಮೂರಕ್ಕೂ ಅಲರ್ಟನ್ನೇ ಅಂಟಿಸಿದವು. ಮೂರು ಬೇರೆ ಬೇರೆ ಆಜ್ಞೆಗಳು ಒಂದೇ ಪದದ ಮೂರು ಬಣ್ಣಗಳಾಗಿ ಉಳಿದವು, ಆಜ್ಞೆ ಕಳೆದುಹೋಯಿತು.

ಅಳತೆಯದೂ ಇದೇ ಕತೆ. ಇಪ್ಪತ್ನಾಲ್ಕು ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.5ರಿಂದ ಮೇಲೆ ಅತ್ಯಂತ ಭಾರಿ. ಈ ಅಂಕಿಗಳು ನಮ್ಮ ಬಾಯಲ್ಲಿ ನಿಲ್ಲುವುದಿಲ್ಲ. ಕಾಫಿ ತೋಟದವರು ಮಳೆಯನ್ನು ಇಂಚಿನಲ್ಲಿ ಬರೆದಿಡುವವರು. ಅಂಗಳದ ಒರಳು ರಾತ್ರಿ ಬೆಳಗಾಗುವುದರಲ್ಲಿ ತುಂಬಿತೋ ಇಲ್ಲವೋ ಎಂದು ನೋಡುತ್ತಿದ್ದವರು ಅತ್ತೆ. 204.5 ಮಿಲಿಮೀಟರ್ ಅಂದರೆ ಸರಿಸುಮಾರು ಎಂಟು ಇಂಚು. “ನಾಳೆ ಒಂದೇ ದಿನಕ್ಕೆ ಎಂಟು ಇಂಚು ಹೊಡೆಯಬಹುದು” ಎಂದು ಯಾರಾದರೂ ಹೇಳಿದ್ದರೆ ನಮ್ಮೂರಿನ ಹಿರಿಯರು ಯಾವ ಬಣ್ಣವನ್ನೂ ಕೇಳದೆ ಕೊಟ್ಟಿಗೆಯ ದನ ಬಿಚ್ಚುತ್ತಿದ್ದರು.

ಅಲರ್ಟ್ ಎಂಬ ಪದ ಹುಟ್ಟಿದಾಗ ಹೀಗೆ ಸಪ್ಪೆಯಾಗಿರಲಿಲ್ಲ. ಅದು ಇಟಲಿಯ ಸೈನಿಕರ ಕೂಗು: ಆಲ್ ಎರ್ತಾ. ಎರ್ತಾ ಅಂದರೆ ಕಡಿದಾದ ಏರು, ದಿಬ್ಬ. ದಿಬ್ಬ ಹತ್ತು, ಕಾವಲು ನೋಡು ಎನ್ನುವ ಕರೆ. ಫ್ರೆಂಚರ ಬಾಯಲ್ಲಿ ಅದು ಅಲೆರ್ತ್ ಆಯಿತು, ಅಲ್ಲಿಂದ ಇಂಗ್ಲಿಷಿಗೆ ಬಂತು. (ಎರ್ತಾಕ್ಕೂ ನಮ್ಮ ಏರಿಗೂ ನಂಟಿಲ್ಲ. ಆದರೂ ಕೇಳಿದಾಗ ಕಿವಿ ಒಂದು ಕ್ಷಣ ನಿಂತಿತು.) ಅಲಾರಂ ಕೂಡ ಅದೇ ಇಟಲಿಯದು, ಆಯುಧ ಹಿಡಿಯಿರಿ ಎಂಬ ಕೂಗು. ಎರಡರ ಹೊಟ್ಟೆಯಲ್ಲೂ ಕ್ರಿಯೆ ಇದೆ: ಹತ್ತು, ನೋಡು, ಹಿಡಿ. ದಿಬ್ಬದ ಮೇಲಿದ್ದವನು ಕೂಗಿದರೆ ಕೆಳಗಿದ್ದವನಿಗೆ ಏನು ಮಾಡಬೇಕೆಂದು ತಿಳಿಯುತ್ತಿತ್ತು. ಅದೇ ಪದ ಈಗ ದಿಬ್ಬದ ಬುಡದಲ್ಲಿ ಮನೆ ಕಟ್ಟಿಕೊಂಡವರ ಬಳಿಗೆ ಬಂದಿದೆ, ಬಣ್ಣ ಹಚ್ಚಿಕೊಂಡು, ಕೆಲಸ ಹೇಳದೆ. “ಅಲರ್ಟ್ ಘೋಷಿಸಲಾಗಿದೆ.” ಯಾರು ಘೋಷಿಸಿದರು, ಯಾರು ಏನು ಮಾಡಬೇಕು, ಆ ವಾಕ್ಯದಲ್ಲಿ ಒಂದೂ ಇಲ್ಲ.

ಇಂಗ್ಲಿಷಿನ ಪದವೆಂಬ ಕಾರಣಕ್ಕೆ ನಾನು ದೂರುತ್ತಿಲ್ಲ. ಇಂಗ್ಲಿಷ್ ಕಲಿಸಿಯೇ ನಾನು ಅನ್ನ ತಿನ್ನುವವಳು. ಅಪಾಯದ ಎಷ್ಟೋ ಇಂಗ್ಲಿಷ್ ಪದಗಳನ್ನು ಕನ್ನಡಿಗರು ಸೊಗಸಾಗಿ ಕಲಿತಿದ್ದಾರೆ. ಶಾಕ್ ತೆಗೆದುಕೊಳ್ಳಿ. ಅದು ಬಂದ ಕೂಡಲೇ ನಾವು ಅದಕ್ಕೆ ಹೊಡೆ ಎಂಬ ಕ್ರಿಯಾಪದ ಜೋಡಿಸಿದೆವು. ಶಾಕ್ ಹೊಡೆಯುತ್ತದೆ, ಕರೆಂಟ್ ಹೊಡೆಯುತ್ತದೆ. ಹೊಡೆಯುವುದರಿಂದ ದೂರ ಇರಬೇಕೆಂದು ಮೂರು ವರ್ಷದ ಮಗುವಿಗೂ ಗೊತ್ತು. ಗ್ಯಾಸ್ ಲೀಕ್ ಕೂಡ ಹಾಗೆಯೇ. ಅಡುಗೆಮನೆಯಲ್ಲಿ ಆ ಮಾತು ಎಂದೂ ಒಂಟಿಯಾಗಿ ಬರುವುದಿಲ್ಲ: “ಗ್ಯಾಸ್ ಲೀಕ್ ಆಗ್ತಿದೆ, ಸ್ವಿಚ್ ಮುಟ್ಟಬೇಡ, ಕಿಟಕಿ ತೆಗಿ.” ಓದು ಬಾರದ ಹೆಂಗಸರೂ ಇದನ್ನು ತಪ್ಪಿಲ್ಲದೆ ಹೇಳುತ್ತಾರೆ. ಪದದ ಜೊತೆಗೇ ಕೈ ಎಲ್ಲಿಡಬೇಕು, ಎಲ್ಲಿಡಬಾರದು ಎನ್ನುವುದನ್ನೂ ಕಲಿತದ್ದರಿಂದ ಅದು ಅವರದಾಯಿತು.

ಲ್ಯಾಂಡ್‌ಸ್ಲೈಡ್‌ಗೆ ನಾವು ಭೂಕುಸಿತ ಎಂದು ಬರೆಯುತ್ತೇವೆ. ಮಲೆನಾಡಿನ ಬಾಯಲ್ಲಿ ಅದು ಧರೆ ಕುಸಿಯುವುದು, ಗುಡ್ಡ ಜರಿಯುವುದು. ಕೊಡಗಿನಲ್ಲಿ ಬರೆ ಜರಿಯಿತು ಅನ್ನುತ್ತಾರೆ. ಈ ಮಾತುಗಳಿಗೆ ಒಂದು ಪರಿವಾರವೇ ಇದೆ. ಒರತೆಯ ನೀರು ಕೆಂಪಾಯಿತು. ಹರಿಯುತ್ತಿದ್ದ ಹಳ್ಳ ಇದ್ದಕ್ಕಿದ್ದಂತೆ ನಿಂತಿತು. ನಿನ್ನೆ ನೆಟ್ಟಗಿದ್ದ ಮರ ಇವತ್ತು ವಾಲಿದೆ. ಅಂಗಳದಲ್ಲಿ ಬಿರುಕು, ಬಾಗಿಲು ಚೌಕಟ್ಟಿಗೆ ಕೂರುತ್ತಿಲ್ಲ. ಗುಡ್ಡ ಜಾರುವ ಮೊದಲು ಕಾಣುವ ಗುರುತುಗಳೆಂದು ಭೂವಿಜ್ಞಾನಿಗಳು ಪಟ್ಟಿ ಮಾಡುವುದೂ ಇವುಗಳನ್ನೇ. ಹವಾಮಾನ ಇಲಾಖೆ ಇಡೀ ಜಿಲ್ಲೆಗೆ ಒಂದು ಬಣ್ಣ ಕೊಡಬಲ್ಲದು. ನನ್ನ ಮನೆಯ ಹಿಂದಿನ ಒರತೆ ಕೆಂಪಾದದ್ದನ್ನು ನಾನೇ ನೋಡಬೇಕು, ನಾನೇ ಹೇಳಬೇಕು. ಹೇಳಲು ಮಾತು ಇರಬೇಕು. ನನ್ನ ತರಗತಿಯ ಮಕ್ಕಳಲ್ಲಿ ಒರತೆ ಎಂಬ ಪದ ಗೊತ್ತಿದ್ದವರು ಅರ್ಧದಷ್ಟೂ ಇರಲಿಲ್ಲ. ಲ್ಯಾಂಡ್‌ಸ್ಲೈಡ್ ಎಲ್ಲರಿಗೂ ಗೊತ್ತಿತ್ತು.

2018ರ ಆಗಸ್ಟ್ ನಡುವಿನಲ್ಲಿ, ಆಶ್ಲೇಷ ಮುಗಿದು ಮಘೆ ಹುಟ್ಟುವ ಹೊತ್ತಿಗೆ, ಕೊಡಗಿನ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಸುತ್ತಮುತ್ತ ಗುಡ್ಡಗಳು ಜರಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿ ಅಗಲಿಸಲು ಕಡಿದಿದ್ದ ಗುಡ್ಡ ಚಹಾದಂಗಡಿಯನ್ನೂ ನಿಂತ ಲಾರಿಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಎರಡು ವಾರ ಕಳೆದು ಜುಲೈ 30ರ ನಸುಕಿಗೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಜನ ಮಲಗಿದ್ದಾಗಲೇ ಗುಡ್ಡ ಬಂತು. ಕನ್ನಡದಲ್ಲಿ ಎಚ್ಚರ ಎಂದರೆ ಜಾಗರೂಕತೆಯೂ ಹೌದು, ನಿದ್ದೆಯಿಂದ ಏಳುವುದೂ ಹೌದು. ರಾತ್ರಿಯ ಅಪಾಯಕ್ಕೆ ಇದಕ್ಕಿಂತ ಸರಿಯಾದ ಪದ ನನಗೆ ಯಾವ ಭಾಷೆಯಲ್ಲೂ ಕಂಡಿಲ್ಲ. ಇರುವ ಪದವನ್ನು ಬಿಟ್ಟು ಅಲರ್ಟನ್ನು ಮಾತ್ರ ಹಿಡಿದುಕೊಂಡದ್ದು ನಮ್ಮ ತಪ್ಪು.

ಸರ್ಕಾರಕ್ಕೂ ಪದದ ಬೆಲೆ ಗೊತ್ತಾದ ಒಂದು ಸಂದರ್ಭವಿದೆ, ಅದನ್ನು ಹೇಳಲೇಬೇಕು. ಮೊದಲು ನೆರೆಯಲ್ಲಿ ಮನೆ ಬಿಟ್ಟವರನ್ನು ಇರಿಸುತ್ತಿದ್ದ ಜಾಗಕ್ಕೆ ಗಂಜಿ ಕೇಂದ್ರ ಎನ್ನುತ್ತಿದ್ದರು. ನಮ್ಮ ಪಕ್ಕದ ಮನೆಯವರು ಸೊಂಟದ ಮಟ್ಟ ನೀರು ಬಂದರೂ ಹೋಗಲೊಪ್ಪಿರಲಿಲ್ಲ. “ಗಂಜಿಗೆ ಹೋಗಿ ಕೂತರು ಅಂತ ನಾಳೆ ಊರು ಆಡಿಕೊಳ್ಳಲ್ವಾ?” ಈಗ ಅದೇ ಜಾಗಕ್ಕೆ ಕಾಳಜಿ ಕೇಂದ್ರ ಎಂಬ ಹೆಸರಿದೆ. ಹೋಗುವವರ ಮುಖ ಸ್ವಲ್ಪ ಮೇಲೆದ್ದಿದೆ. ಒಂದು ಹೆಸರು ಬದಲಾದರೆ ಕಾಲು ಹೊಸ್ತಿಲು ದಾಟುತ್ತದೆ ಎಂದ ಮೇಲೆ, ಮುನ್ನೆಚ್ಚರಿಕೆಯ ಮಾತನ್ನು ಹಾಗೆಯೇ ತಿದ್ದಲು ಯಾಕಾಗದು?

2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳು ಒಟ್ಟಿಗೆ ಕಿರುಚಿದ್ದು ನಿಮಗೆ ನೆನಪಿರಬಹುದು. ದೂರಸಂಪರ್ಕ ಇಲಾಖೆ ತುರ್ತು ಸಂದೇಶದ ವ್ಯವಸ್ಥೆಯನ್ನು ಪರೀಕ್ಷಿಸಿದ ದಿನ. ಇದು ಪರೀಕ್ಷೆ, ನೀವೇನೂ ಮಾಡಬೇಕಾಗಿಲ್ಲ ಎಂದಿತ್ತು ಸಂದೇಶ. ದನಿ ಮುಟ್ಟಿಸುವ ಶಕ್ತಿ ನಮಗಿದೆ ಎಂದು ಅವತ್ತು ಗೊತ್ತಾಯಿತು. ಇನ್ನು ಆ ದನಿ ಹೇಳಬೇಕಾದ್ದು ಇಷ್ಟೇ: ಇಂಥ ಊರಿನವರೇ, ಧರೆಯ ಬುಡದ ಮನೆ ಬಿಡಿ, ಇಂಥ ಶಾಲೆಗೆ ಬನ್ನಿ, ಕತ್ತಲಾಗುವ ಮೊದಲು ಹೊರಡಿ.

ಮಕ್ಕಳು ರಜೆ ಎಂದು ಕೂಗಿದ ಮರುದಿನ ತರಗತಿಯಲ್ಲಿ ರೆಡ್ ಅಲರ್ಟಿನ ಮುಂದೆ ರಜೆ ಎಂದೇ ಬರೆದೆ. ಅದರ ಕೆಳಗೆ, ರಜೆ ಯಾಕೆ ಎಂದು ಬರೆದು ಮಕ್ಕಳನ್ನೇ ಕೇಳಿದೆ. ಮನೆಯ ಹಿಂದೆ ಧರೆ ಇರುವವರು ಕೈ ಎತ್ತಿ ಅಂದೆ. ಮೂವತ್ತೊಂದರಲ್ಲಿ ಹದಿನಾಲ್ಕು ಕೈ ಎದ್ದವು. ಆ ಹದಿನಾಲ್ಕು ಮಕ್ಕಳ ಮನೆಕೆಲಸ: ಧರೆಯ ಕಡೆಗಿರುವ ಕೋಣೆಯಲ್ಲಿ ಯಾರು ಮಲಗುತ್ತಾರೆಂದು ನೋಡಿ ಬರುವುದು. ಹನ್ನೊಂದು ಮನೆಗಳಲ್ಲಿ ಅಜ್ಜ ಅಜ್ಜಿಯರು ಮಲಗುತ್ತಿದ್ದರು.

ನಿಮ್ಮ ಮನೆಯಲ್ಲೂ ಇವತ್ತು ನೋಡಿ. ಹಾಸಿಗೆಯನ್ನು ಮುಂದಿನ ಜಗಲಿಯ ಕಡೆಗೆ ತನ್ನಿ. ಒರತೆ ಕೆಂಪಾದರೆ, ಅಂಗಳ ಬಿರಿದರೆ, ಬಣ್ಣಕ್ಕೆ ಕಾಯದೆ ಹೊರಡಿ. ಜಿಲ್ಲಾ ತುರ್ತು ನಿಯಂತ್ರಣ ಕೊಠಡಿಯ ನಂಬರು 1077.