12 ವೋಲ್ಟ್‌ನ ಕಥೆ: ಕಾರಿನ ಆಂಪ್ ಮಹಾಪೆಯ ಬಾಡಿಗೆ ಮನೆಗೆ ಬಂದಾಗ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಹಾಕ್ತಾ ಇದ್ದೀನಿ. ಲೋಕಲ್ ಟ್ರೇನಲ್ಲಿ ನಿಂತು ಓದೋರಿಗೆ ಅನುಕೂಲ ಆಗಲಿ ಅಂತ.

ಪ್ರಶ್ನೆ ಕಳಿಸಿದ್ದು ಮಹಾಪೆಯಲ್ಲಿ ಕೆಲಸ ಮಾಡೋ ಒಬ್ಬ ವೀಕ್ಷಕರು. ಬೆಂಗಳೂರು ಬಿಡುವಾಗ ಕಾರು ಮಾರಿದ್ರಂತೆ. ಆದರೆ ಡಿಕ್ಕಿಯಲ್ಲಿದ್ದ ಆಂಪ್ಲಿಫೈಯರ್ ಮತ್ತು ಸಬ್‌ವೂಫರ್ ಮಾರೋಕೆ ಮನಸ್ಸು ಬರಲಿಲ್ಲ. ಈಗ ಎರಡೂ ಘನ್ಸೋಲಿಯ ಬಾಡಿಗೆ ಮನೆಯಲ್ಲಿ ಮಂಚದ ಕೆಳಗಿವೆ. ಆಂಪ್‌ಗೆ ಬೇಕಾಗಿದ್ದು 12 ವೋಲ್ಟ್, ಹಳೇ ಕಂಪ್ಯೂಟರಿನ ಎಸ್‌ಎಂಪಿಎಸ್ ಕೊಡೋದೂ 12 ವೋಲ್ಟ್. ಹಾಗಾದ್ರೆ ಜೋಡಿಸಿದರೆ ಮುಗೀತಲ್ವಾ ಅನ್ನೋದು ಅವರ ಪ್ರಶ್ನೆ.

ಸಂಖ್ಯೆ ಒಂದೇ ಇದೆ, ಹುಟ್ಟಿದ ಮನೆ ಬೇರೆ. ಅದನ್ನ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಸೀಸ-ಆಮ್ಲದ ಬ್ಯಾಟರಿ ಮಾಡಿದ. ಅದರ ಒಂದು ಸೆಲ್ ಸುಮಾರು 2 ವೋಲ್ಟ್. ಮೂರು ಸೆಲ್ ಜೋಡಿಸಿದರೆ 6, ಆರು ಜೋಡಿಸಿದರೆ 12. ಅಮೆರಿಕದ ಕಾರುಗಳು ಬಹಳ ವರ್ಷ 6 ವೋಲ್ಟ್‌ನಲ್ಲೇ ಓಡಿದವು. ದೊಡ್ಡ ಎಂಜಿನ್ ಸ್ಟಾರ್ಟ್ ಮಾಡೋಕೆ ಅದು ಸಾಲದೆ, 1950ರ ದಶಕದ ಮಧ್ಯದಲ್ಲಿ ಅಲ್ಲೂ 12 ಬಂತು.

ಕಾರಿಗೆ ಹಾಡು ಬಂದಿದ್ದು ಅದಕ್ಕೂ ಮುಂಚೆ. 1930ರಲ್ಲಿ ಪಾಲ್ ಗ್ಯಾಲ್ವಿನ್ ಅವರ ಕಂಪನಿ ‘ಮೋಟೊರೋಲಾ’ ಅನ್ನೋ ಹೆಸರಲ್ಲಿ ಕಾರ್ ರೇಡಿಯೋ ಮಾರೋಕೆ ಶುರು ಮಾಡಿತು. ಆಗಿನ ವಾಲ್ವ್‌ಗಳಿಗೆ ನೂರಾರು ವೋಲ್ಟ್ ಬೇಕು, ಬ್ಯಾಟರಿಯಲ್ಲಿ ಇರೋದು 6. ಮೊದಮೊದಲು ಅದಕ್ಕೆ ಬೇರೆ ಬ್ಯಾಟರಿಗಳನ್ನೇ ಇಡ್ತಿದ್ದರು. ಆಮೇಲೆ ವೈಬ್ರೇಟರ್ ಬಂತು. ಅದು ಡಿಸಿಯನ್ನ ಟಕಟಕ ಅಂತ ಕತ್ತರಿಸಿ ಟ್ರಾನ್ಸ್‌ಫಾರ್ಮರ್‌ಗೆ ಕೊಟ್ಟು ವೋಲ್ಟೇಜ್ ಏರಿಸೋ ಸಣ್ಣ ಯಂತ್ರ.

ನಿಮ್ಮ ಮಂಚದ ಕೆಳಗಿನ ಆಂಪ್ ಒಳಗೂ ಇದೇ ಕೆಲಸ ನಡೆಯುತ್ತೆ. 4 ಓಮ್ ಸ್ಪೀಕರಿಗೆ 12 ವೋಲ್ಟ್‌ನಿಂದ ನೇರವಾಗಿ ಸಿಗೋದು ಹೆಚ್ಚು ಅಂದ್ರೆ 20 ವಾಟ್ ಆಸುಪಾಸು. ಸಬ್‌ವೂಫರ್‌ಗೆ ಅದು ಏನೇನೂ ಸಾಲದು. ಅದಕ್ಕೇ ಆಂಪ್ ಒಳಗೆ ವೈಬ್ರೇಟರ್ ಬದಲು ಮಾಸ್‌ಫೆಟ್‌ಗಳು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ, 12ನ್ನು ಪ್ಲಸ್-ಮೈನಸ್ 30ರ ಹತ್ತಿರಕ್ಕೆ ಏರಿಸ್ತವೆ.

ಈಗ ಕಂಪ್ಯೂಟರ್ ಕಡೆ ಬನ್ನಿ. 1981ರ ಐಬಿಎಂ ಪಿಸಿಯ ಪವರ್ ಸಪ್ಲೈ ಬರೀ 63.5 ವಾಟ್. ಅದರಲ್ಲಿ 5 ವೋಲ್ಟ್‌ಗೆ 7 ಆಂಪಿಯರ್, 12 ವೋಲ್ಟ್‌ಗೆ 2 ಆಂಪಿಯರ್ ಮಾತ್ರ. ಹೆಚ್ಚಿನ ಚಿಪ್‌ಗಳು 5ರಲ್ಲಿ ಬದುಕ್ತಿದ್ವು, 12 ಇದ್ದಿದ್ದು ಮುಖ್ಯವಾಗಿ ಡಿಸ್ಕ್ ತಿರುಗಿಸೋ ಮೋಟಾರಿಗೆ. 1995ರಲ್ಲಿ ಇಂಟೆಲ್‌ನ ಎಟಿಎಕ್ಸ್ ಬಂದಾಗಲೂ 12 ಎರಡನೇ ಸಾಲಲ್ಲೇ ಇತ್ತು. 2000ದಲ್ಲಿ ಪೆಂಟಿಯಂ 4 ಬಂದ ಮೇಲೆ ಪ್ರೊಸೆಸರ್‌ಗೆ 12 ವೋಲ್ಟ್‌ನಿಂದಲೇ ಕರೆಂಟ್ ಕೊಡೋಕೆ ಪ್ರತ್ಯೇಕ ನಾಲ್ಕು ಪಿನ್ನಿನ ಕನೆಕ್ಟರ್ ಹಾಕಿದರು. ಅಲ್ಲಿಂದ 12 ಮನೆಯ ಯಜಮಾನ ಆಯ್ತು. ನಿಮ್ಮ ಎಸ್‌ಎಂಪಿಎಸ್ ಯಾವ ಕಾಲದ್ದು ಅನ್ನೋದು ಅದಕ್ಕೇ ಮುಖ್ಯ.

ಲೆಕ್ಕ ಹಾಕೋಣ. ನಿಜವಾದ 200 ವಾಟ್ ಆರ್‌ಎಂಎಸ್ ಕೊಡೋ ಹಳೇ ಎಬಿ ಕ್ಲಾಸ್ ಆಂಪ್, ಪೂರ್ತಿ ಜೋರಲ್ಲಿ 350ರಿಂದ 400 ವಾಟ್ ಎಳೆಯುತ್ತೆ. 12ರಿಂದ ಭಾಗಿಸಿ, ಸುಮಾರು 30 ಆಂಪಿಯರ್. ಪೆಂಟಿಯಂ 4ಕ್ಕೆ ಮುಂಚಿನ ಎಸ್‌ಎಂಪಿಎಸ್‌ನ 12 ವೋಲ್ಟ್ ಲೈನು 10 ಆಂಪಿಯರ್ ಆಸುಪಾಸಲ್ಲೇ ಸುಸ್ತಾಗುತ್ತೆ. ಹಾಡು ಸಣ್ಣಗಿದ್ದಾಗ ಎಲ್ಲ ಸರಿ. ಬೇಸ್ ಹೊಡೆದ ತಕ್ಷಣ ಸಪ್ಲೈ ಆಫ್. ಕಾರಿನ ಬ್ಯಾಟರಿ ಕೆರೆ ಇದ್ದ ಹಾಗೆ, ಒಂದೇ ಸಲ ಎಷ್ಟು ಬಿಂದಿಗೆ ಬೇಕಾದ್ರೂ ಮುಳುಗಿಸಬಹುದು. ಎಸ್‌ಎಂಪಿಎಸ್ ನಲ್ಲಿ ಇದ್ದ ಹಾಗೆ, ಬರೋದು ಅದರ ಅಳತೆಗೆ ತಕ್ಕಷ್ಟೇ.

ಇನ್ನೊಂದು ತೊಡಕು. ಹಳೇ ಸಪ್ಲೈಗಳಲ್ಲಿ 5 ಮತ್ತು 12 ಒಟ್ಟಿಗೇ ನಿಯಂತ್ರಣ ಆಗ್ತವೆ. 5ರ ಮೇಲೆ ಭಾರವೇ ಇಲ್ಲದೆ 12ನ್ನು ಎಳೆದರೆ ಅದು 11ರ ಕಡೆ ಕುಸಿಯುತ್ತೆ.

ಹಾಗಾದ್ರೆ ದಾರಿ ಏನು? ಗ್ರಾಂಟ್ ರೋಡ್ ಸ್ಟೇಷನ್ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ. ನಮ್ಮ ಎಸ್‌ಪಿ ರೋಡ್ ಕಂಡವರಿಗೆ ಅದು ಹೊಸದಲ್ಲ. ಎಲ್‌ಇಡಿ ಪಟ್ಟಿಗಳಿಗೆ ಹಾಕೋ 12 ವೋಲ್ಟ್ 30 ಆಂಪಿಯರ್‌ನ ತೂತು ತೂತಿನ ಲೋಹದ ಡಬ್ಬಿ ಕೇಳಿ. ದಪ್ಪ ವೈರ್, ಸಪ್ಲೈ ಪಕ್ಕದಲ್ಲೇ ಫ್ಯೂಸ್, ರಿಮೋಟ್ ಟರ್ಮಿನಲ್‌ಗೆ ಒಂದು ಸ್ವಿಚ್ ಮೂಲಕ 12 ವೋಲ್ಟ್, ಕಂಪ್ಯೂಟರಿನಿಂದ 3.5 ಎಂಎಂ ಟು ಆರ್‌ಸಿಎ ಕೇಬಲ್. ಗೇನ್ ಕಮ್ಮಿ ಇಟ್ಟು ಶುರು ಮಾಡಿ.

ಈಗ ಗಂಭೀರ ಮಾತು. ಆ ಡಬ್ಬಿಯ ಒಂದು ಕಡೆ 230 ವೋಲ್ಟ್ ತೆರೆದ ಸ್ಕ್ರೂಗಳಲ್ಲಿ ಇರುತ್ತೆ, ಮುಚ್ಚದೆ ಬಿಡಬೇಡಿ. ಒಳಗಿನ ಕೆಪಾಸಿಟರಿನಲ್ಲಿ 320 ವೋಲ್ಟ್ ದಾಟಿರುತ್ತೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಗುಂಯ್ ಅನ್ನೋ ಸದ್ದು ಬಂದ್ರೆ ಕೆಲವರು ಅರ್ಥ್ ಪಿನ್ ಕತ್ತರಿಸ್ತಾರೆ. ದಯವಿಟ್ಟು ಬೇಡ. ಆಡಿಯೋ ಕೇಬಲ್ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಕಾರ್ ಬ್ಯಾಟರಿಯನ್ನೇ ರೂಮಲ್ಲಿಟ್ಟು ಚಾರ್ಜ್ ಮಾಡೋ ಉಪಾಯವೂ ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ, ಕಿಟಕಿ ಮುಚ್ಚಿ ನಾಲ್ಕು ಜನ ಮಲಗೋ ಕೋಣೆ ಅದಕ್ಕೆ ಜಾಗ ಅಲ್ಲ.

ನೆಟ್ಟಗೆ ಹೇಳಬೇಕಂದ್ರೆ ಇದು ಕೈ ಸುತ್ತಿ ಮೂಗು ಹಿಡಿಯೋ ಕೆಲಸ. 230ನ್ನು 12ಕ್ಕೆ ಇಳಿಸಿ, ಮತ್ತೆ 30ಕ್ಕೆ ಏರಿಸ್ತೀವಿ. ಎಲ್ಲಾ ಹೊಸದಾಗಿ ಕೊಳ್ಳೋದಾದ್ರೆ ಗೋಡೆಯ ಪ್ಲಗ್‌ಗೇ ಹಾಕೋ ಸಬ್‌ವೂಫರ್ ಒಳ್ಳೇದು. ಇರೋ ಸಾಮಾನು ಬಳಸೋದಾದ್ರೆ ಮಾತ್ರ ಈ ದಾರಿ.

ಒಂದು ನಿರಾಸೆಗೂ ತಯಾರಾಗಿರಿ. ಕಾರಿನ ಸಣ್ಣ ಮುಚ್ಚಿದ ಜಾಗ ತಗ್ಗಿನ ಬೇಸನ್ನ ತಾನೇ ಹಿಗ್ಗಿಸುತ್ತೆ, ಕೋಣೆ ಅಷ್ಟು ಸಹಾಯ ಮಾಡಲ್ಲ. ಮೂಲೆಯಲ್ಲಿಟ್ಟರೆ ಸ್ವಲ್ಪ ವಾಸಿ. ಆದರೆ ಅದೇ ಬೇಸ್ ಗೋಡೆ ದಾಟಿ ಪಕ್ಕದ ಮನೆಗೂ ಹೋಗುತ್ತೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ನಿಯಮ ಹಾಗಿರಲಿ, ಸೊಸೈಟಿಯವರು ಓನರ್‌ಗೆ ಫೋನ್ ಮಾಡಿದ್ರೆ ಹೊಸ ಮನೆ ಹುಡುಕೋರು ನಾವೇ.

ವೀಕ್ಷಕರಿಗೆ ನಾನು ಹೇಳಿದ್ದು ಇಷ್ಟೇ: ಮೊದಲು ಆಂಪ್‌ನ ಫ್ಯೂಸ್ ಮೇಲೆ ಬರೆದ ನಂಬರ್ ನೋಡಿ, ಆಮೇಲೆ ಎಸ್‌ಎಂಪಿಎಸ್‌ನ ಚೀಟಿ ನೋಡಿ. ಎರಡಕ್ಕೂ ತಾಳೆ ಆಗದಿದ್ರೆ ಪ್ಲಗ್ ಹಾಕಬೇಡಿ. ನಿಮ್ಮ ಆಂಪ್‌ನ ಫ್ಯೂಸ್ ಎಷ್ಟಿದೆ ಅಂತ ಕಾಮೆಂಟಲ್ಲಿ ಬರೀರಿ, ಲೆಕ್ಕ ಒಟ್ಟಿಗೆ ಹಾಕೋಣ. ಮುಂದಿನ ವಾರ ಸಿಗೋಣ.