ಅಜ್ಜಿಯ ಡಬ್ಬಿ, ನಾಲ್ಕು ನಾಣ್ಯ, ಮೂರು ನಿಮಿಷದ ಭಾಷಣ

"ಅಣ್ಣಾ, ಶನಿವಾರ ಕ್ಲಾಸಲ್ಲಿ ಮೂರು ನಿಮಿಷ ಮಾತಾಡ್ಬೇಕು. 'ನನ್ನ ಹವ್ಯಾಸ' ಅಂತ. ನಾಣ್ಯ ಕೂಡಿಡ್ತೀನಿ ಅಂತ ಮೇಷ್ಟ್ರಿಗೆ ಹೇಳ್ಬಿಟ್ಟಿದೀನಿ. ಏನ್ ಮಾತಾಡ್ಲಿ?"

ಮಂಡ್ಯ ಜಿಲ್ಲೆಯ ಒಂದು ಹಳ್ಳಿಗೆ ಕೆರೆ ಸುದ್ದಿ ಮಾಡಲು ಹೋಗಿದ್ದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ನಮ್ಮನ್ನು ಹೀಗೆ ಹಿಡಿದುಕೊಂಡಳು. ಕೈಯಲ್ಲಿ ತುಕ್ಕು ಹಿಡಿದ ಬಿಸ್ಕತ್ತು ಡಬ್ಬಿ. ಒಳಗೆ ಅವಳ ಅಜ್ಜಿ ಕೂಡಿಟ್ಟ ನಲವತ್ತೈವತ್ತು ನಾಣ್ಯ.

ಅವಳ ಅಪ್ಪ ಕೇಳಿದ್ದೇ ಬೇರೆ. "ಇದ್ರಲ್ಲಿ ಯಾವುದಕ್ಕಾದ್ರೂ ರೇಟು ಬರುತ್ತಾ ನೋಡಿ ಸಾರ್." ಯಾಕೆ ಹಾಗೆ ಕೇಳಿದರು ಅನ್ನುವುದು ಆಮೇಲೆ ಗೊತ್ತಾಯಿತು. ಹಳೇ ನಾಣ್ಯಕ್ಕೆ ಲಕ್ಷ ಲಕ್ಷ ಕೊಡುತ್ತೇವೆ ಅನ್ನುವ ವಿಡಿಯೊ ನೋಡಿ, ಅದರಲ್ಲಿದ್ದ ನಂಬರಿಗೆ ಫೋಟೊ ಕಳಿಸಿದ್ದರು. 'ನೋಂದಣಿ ಶುಲ್ಕ' ಅಂತ ಎರಡು ಸಾವಿರ ಕಟ್ಟಿಸಿಕೊಂಡರು. ಮತ್ತೆ 'ತೆರಿಗೆ' ಕೇಳಿದರು. ಇವರು ಇಲ್ಲ ಅಂದ ಮೇಲೆ ಆ ಫೋನು ಬಂದ್.

ನಾವು ಹುಡುಗಿಗೆ ಹೇಳಿದ್ದು ಇಷ್ಟೇ. ಡಬ್ಬಿ ಪೂರ್ತಿ ಒಯ್ಯಬೇಡ. ಮೂರು ನಿಮಿಷಕ್ಕೆ ನಾಲ್ಕು ನಾಣ್ಯ ಸಾಕು. ಒಂದೊಂದಕ್ಕೆ ಒಂದೊಂದು ಕತೆ. ಆರಿಸಲು ಜಗಲಿ ಮೇಲೆ ಕೂತೆವು.

ಮೊದಲನೆಯದು ಆನೆ ಇರುವ ತಾಮ್ರದ ಕಾಸು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಟಿಪ್ಪು ಸುಲ್ತಾನನ ತಾಮ್ರದ ನಾಣ್ಯಗಳ ಮೇಲೂ ಆನೆಯೇ ಇತ್ತು. 1799ರಲ್ಲಿ ಟಿಪ್ಪು ಮಡಿದು ಒಡೆಯರಿಗೆ ಪಟ್ಟವಾಯಿತು. ದೊರೆ ಬದಲಾದರೂ ನಾಣ್ಯದ ಆನೆ ಹೋಗಲಿಲ್ಲ. ಓದು ಬಾರದ ಜನಕ್ಕೆ ಚಿತ್ರವೇ ಗುರುತು ತಾನೇ? ಒಡೆಯರ ಕಾಸಿನ ಮೇಲೆ 'ಮಯಿಲಿ ಕಾಸು' ಎಂದು ಕನ್ನಡದಲ್ಲೇ ಬರೆದದ್ದೂ ಇರುತ್ತದೆ. ಆದರೆ ಹುಡುಗಿ ಕ್ಲಾಸಿನಲ್ಲಿ ಫಳಫಳ ಹೊಳೆಯಲಿ ಅಂತ ಹಿಂದಿನ ದಿನವೇ ಹುಣಸೆಹಣ್ಣು ಹಾಕಿ ಉಜ್ಜಿದ್ದಳು. ಮೊದಲೇ ಸವೆದಿದ್ದ ಅಕ್ಷರ ಇನ್ನಷ್ಟು ಸವೆದಿತ್ತು. ಆನೆ ಮಾತ್ರ ಉಳಿದಿತ್ತು. ಹಳೇ ನಾಣ್ಯವನ್ನು ಯಾವತ್ತೂ ತಿಕ್ಕಬಾರದು. ಮೇಲಿನ ಮಾಸಲು ಬಣ್ಣ ಅದರ ವಯಸ್ಸು.

ಎರಡನೆಯದು ತೂತಿನ ಕಾಸು. ನಡುವೆ ದುಂಡಗೆ ದೊಡ್ಡ ತೂತು, 1944ರ ಇಸವಿ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ ಮದ್ದುಗುಂಡಿಗೆ ತಾಮ್ರ ಬೇಕಾಗಿ ನಾಣ್ಯಕ್ಕೆ ಲೋಹ ಸಾಲದೆ ಬಂತು. 1943ರಿಂದ 1947ರವರೆಗೆ ಬ್ರಿಟಿಷ್ ಸರ್ಕಾರ ನಡುವಿನ ಲೋಹವನ್ನೇ ಬಿಟ್ಟು ಕಾಸು ಹೊಡೆಸಿತು. ಎಲ್ಲೋ ನಡೆದ ಯುದ್ಧ ನಮ್ಮ ಸಂತೆಯ ಚಿಲ್ಲರೆಗೂ ತೂತು ಕೊರೆದಿತ್ತು. ಅಜ್ಜಿ ಹೇಳಿದ್ದು: "ದಾರಕ್ಕೆ ಪೋಣಿಸ್ಕೊಂಡ್ರೆ ಕಳೀತಿರ್ಲಿಲ್ಲ ಕನ್ರಪ್ಪಾ. ನಮ್ಮವ್ವ ಹಂಗೇ ಇಟ್ಕೊಳ್ಳೋಳು."

ಮೂರನೆಯದು ಹುಡುಗಿಯ ಕಿರುಬೆರಳಿನ ಉಗುರಿಗಿಂತ ಸ್ವಲ್ಪವೇ ದೊಡ್ಡದು. ಕಂಚಿನ ನಯಾ ಪೈಸೆ. ಇದರ ಕತೆಯೇ ಉದ್ದ.

ಹಿಂದೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಅಂದರೆ ರೂಪಾಯಿಗೆ 64 ಪೈಸೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ಪೈಸೆ ಆಯಿತು. ಹಳೇ ಪೈಸೆಯೂ ಚಲಾವಣೆಯಲ್ಲಿ ಇದ್ದದ್ದರಿಂದ ಗೊಂದಲ ಆಗಬಾರದು ಅಂತ ಹೊಸದಕ್ಕೆ 'ನಯಾ ಪೈಸೆ' ಎಂದು ಹೆಸರಿಟ್ಟರು. ರೂಪಾಯಿಯ ನೂರನೇ ಭಾಗ ಎಂದು ಹಿಂದಿಯಲ್ಲಿ ಅದರ ಮೇಲೇ ಬರೆದರು. 1964ರಲ್ಲಿ 'ನಯಾ' ತೆಗೆದು ಬರೀ ಪೈಸೆ ಎಂದರು. ನಾಣ್ಯದ ಮೇಲಿಂದ ಹೋದ ಆ ಮಾತು ನಮ್ಮ ಬಾಯಿಂದ ಹೋಗಿಲ್ಲ. "ಒಂದು ನಯಾಪೈಸೆ ಕೊಡಲ್ಲ" ಅಂತ ಇವತ್ತೂ ಜಗಳ ಆಡುತ್ತೇವೆ. "ಹದಿನಾರಾಣೆ ಸತ್ಯ" ಅನ್ನುತ್ತೇವೆ. ಹಣ ಅನ್ನುವುದು ಒಂದು ಕಾಲಕ್ಕೆ ಚಿನ್ನದ ಪುಟ್ಟ ನಾಣ್ಯದ ಹೆಸರು. ದುಡ್ಡು, ಕಾಸು ಎರಡೂ ತಾಮ್ರದ ನಾಣ್ಯಗಳ ಹೆಸರು.

ನಯಾ ಪೈಸೆ ನೋಡಿದ್ದೇ ತಡ, ಎಂಬತ್ತು ದಾಟಿದ ಅಜ್ಜಿ ಗೋಡೆಗೊರಗಿ ಕೂತಿದ್ದವರು ಮುಂದಕ್ಕೆ ಬಂದರು.

"ಇದು ಬಂದಾಗ ನಾನು ನಮ್ಮವ್ವನ ಜತೆ ಸಂತೇಲಿ ಸೊಪ್ಪು ಮಾರ್ತಿದ್ದೆ. ಆಣೆ ಕೊಟ್ರೆ ಆರು ನಯಾ ಪೈಸೆ ಕೊಡೋರು. ನಾಕಾಣೆ ಒಟ್ಗೆ ಕೊಟ್ರೆ ಇಪ್ಪತ್ತೈದು. ಒಂದೊಂದೇ ಆಣೆ ನಾಕು ಸಲ ಕೊಟ್ರೆ ಇಪ್ಪತ್ನಾಕೇ. ಆ ಒಂದು ಪೈಸೆ ಎಲ್ಲೋಯ್ತು ಅಂತ ಅವ್ವ ಕೇಳಿದ್ರೆ, ಅಂಗಡಿಯೋನು ಸರ್ಕಾರದ ಲೆಕ್ಕ ಕಣಮ್ಮ ಅನ್ನೋನು."

ಅಜ್ಜಿಯ ಲೆಕ್ಕ ಸರಿ. ರೂಪಾಯಿಯನ್ನು 16 ಭಾಗ ಮಾಡಿದರೆ ಆಣೆಗೆ ಆರೂ ಕಾಲು ನಯಾ ಪೈಸೆ. ಕಾಲು ಪೈಸೆಯ ನಾಣ್ಯ ಇಲ್ಲವಲ್ಲ, ಅದಕ್ಕೇ ಆರು ಎಂದು ಇಳಿಸಿಕೊಂಡರು. ನಾಲ್ಕಾಣೆ, ಎಂಟಾಣೆ ಹಿಡಿದು ಬಂದವರಿಗೆ ನಷ್ಟವಿಲ್ಲ. ಒಂದೊಂದೇ ಆಣೆ ಎಣಿಸಿ ಬದುಕುವವರಿಗೆ ನಾಲ್ಕಾಣೆಗೆ ಒಂದು ಪೈಸೆ ಖೋತಾ. ಲೆಕ್ಕ ಸುಲಭ ಮಾಡಲು ತಂದ ಬದಲಾವಣೆಯೇನೋ ಒಳ್ಳೆಯದೇ ಆಗಿತ್ತು. ಅದರ ಚೂರುಪಾರು ನಷ್ಟ ಮಾತ್ರ ಸೊಪ್ಪಿನ ಬುಟ್ಟಿಯ ಪಾಲಿಗೆ ಬಂತು. ಈ ಕಾಲು ಪೈಸೆಯ ನೋವು ಯಾವ ನಾಣ್ಯದ ಮೇಲೂ ಬರೆದಿರುವುದಿಲ್ಲ. ಕೂಡಿಟ್ಟವರು ಹೇಳಿದರೆ ಮಾತ್ರ ಗೊತ್ತಾಗುತ್ತದೆ.

ನಾಲ್ಕನೆಯದು ನೀವೆಲ್ಲ ನೋಡಿರುವುದೇ. ಘೇಂಡಾಮೃಗದ ಚಿತ್ರವಿರುವ 25 ಪೈಸೆ, ನಮ್ಮ ನಾಲ್ಕಾಣೆ. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ ನಿಂತಿತು. (50 ಪೈಸೆ ನಿಂತಿಲ್ಲ. ಅಂಗಡಿಯವರು ಬೇಡ ಅಂದರೂ ಅದು ಈಗಲೂ ಕಾನೂನು ಒಪ್ಪಿದ ನಾಣ್ಯ.) ಇಸವಿಯ ಕೆಳಗೆ ಕಣ್ಣಿಟ್ಟು ನೋಡಿ. ನಕ್ಷತ್ರ ಇದ್ದರೆ ಹೈದರಾಬಾದ್ ಟಂಕಸಾಲೆ, ವಜ್ರದ ಆಕಾರ ಇದ್ದರೆ ಮುಂಬಯಿ, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಮಕ್ಕಳಿಗೆ ಇದು ಒಳ್ಳೇ ಆಟ.

ಶನಿವಾರ ಸಂಜೆ ಹುಡುಗಿಯೇ ಫೋನು ಮಾಡಿದಳು. ಮೊದಲು ಕೈಕಾಲು ನಡುಗಿತಂತೆ. ಆನೆ ಕಾಸು ಕೈಗೆ ತಗೊಂಡ ಮೇಲೆ ಮಾತು ಬಂತಂತೆ. ಹುಣಸೆಹಣ್ಣಿನ ತಪ್ಪನ್ನೂ ಹೇಳಿದಳಂತೆ. ಕೊನೆಗೆ ಒಬ್ಬ ಹುಡುಗ ಎದ್ದು, "ಇದನ್ನ ಮಾರಿದ್ರೆ ಎಷ್ಟು ಬರುತ್ತೆ?" ಅಂದನಂತೆ.

"ನೀನೇನ್ ಹೇಳ್ದೆ?"

"ಗೊತ್ತಿಲ್ಲ ಅಂದೆ. ನಮ್ಮಜ್ಜೀಗೆ ಒಂದು ಪೈಸೆ ಬಾಕಿ ಬರ್ಬೇಕು ಅಂತ ಮಾತ್ರ ಗೊತ್ತು ಅಂದೆ. ಎಲ್ರೂ ನಕ್ರು. ಮೇಷ್ಟ್ರು ಮಾತ್ರ ಆ ಲೆಕ್ಕಾನ ಬೋರ್ಡಿನ ಮೇಲೆ ಹಾಕಿ ತೋರಿಸಿದ್ರು."

ಅವಳಪ್ಪನಿಗೆ ನಾವು ಹೇಳಿದ್ದನ್ನು ನಿಮಗೂ ಹೇಳುತ್ತೇವೆ. ಹಳೇ ನಾಣ್ಯ, ನೋಟುಗಳ ಹೆಸರಲ್ಲಿ ನಡೆಯುವ ಮೋಸದ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಅಂಥ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಶುಲ್ಕವನ್ನೂ ಕೇಳುವುದಿಲ್ಲ ಎಂದಿದೆ. ಕೊಳ್ಳುವವನು ದುಡ್ಡು ಕೊಡಬೇಕೇ ಹೊರತು ಕೇಳಬಾರದು. ಮೊದಲೇ ಶುಲ್ಕ ಕೇಳಿದರೆ ಅದು ಮೋಸ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ಡಬ್ಬಿ ಈಗ ಮತ್ತೆ ಅಜ್ಜಿಯ ಪೆಟ್ಟಿಗೆ ಸೇರಿದೆ. ಒಳಗೆ ನೋಟ್‌ಬುಕ್ಕಿನ ಒಂದು ಹಾಳೆಯೂ ಇದೆ. ಯಾವ ನಾಣ್ಯ, ಯಾರು ಕೊಟ್ಟದ್ದು, ಆಗ ಅದಕ್ಕೆ ಏನು ಬರುತ್ತಿತ್ತು ಎಂದು ಅಜ್ಜಿ ಹೇಳುತ್ತಾ ಹೋದರು, ಹುಡುಗಿಯ ಅಪ್ಪ ಬರೆಯುತ್ತಾ ಹೋದರು. ನಾವು ಹೊರಟಾಗ ಹನ್ನೊಂದನೇ ನಾಣ್ಯದವರೆಗೆ ಬಂದಿದ್ದರು.